ಉಸುಕು ಮಾರಿ ಕಟ್ಟಿದ ಒಡ್ಡು, ಕಬ್ಬು ಬೇಡವೆಂದ ಕರಾರು



ಸಕ್ಕರೆ ಕಾರ್ಖಾನೆಯ ಪತ್ರಿಕೆಯಲ್ಲಿ, ಅದೂ ಕಬ್ಬು ಅಭಿವೃದ್ಧಿ ಅಧಿಕಾರಿಯಾದವನೇ, ಕಬ್ಬು ಬೆಳೆಯುವುದಿಲ್ಲವೆಂದು ಕರಾರು ಮಾಡಿಕೊಂಡ ಹಳ್ಳಿಗಳ ವಿಷಯ ಬರೆಯುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ಆ ಹಳ್ಳಿಗಳು ನಮ್ಮ ಸಾಂಗಲಿ ಜಿಲ್ಲೆಯವೇ. ಅಲ್ಲಿಯ ಹೊಳೆ ಬಂದು ಕೂಡುವುದೂ ನಮ್ಮ ಕೃಷ್ಣೆಯನ್ನೇ. ಆದುದರಿಂದ ಈ ವಿಷಯ ತಮಗೆ ತಿಳಿದಿರುವುದು ಅವಶ್ಯ.

ಯೇರಳಾ ಎಂಬ ಹೊಳೆ ಸಾತಾರಾ ಜಿಲ್ಲೆಯಲ್ಲಿ ಹುಟ್ಟಿ, ಖಾನಾಪುರ ತಾಲೂಕನ್ನು ಹಾದು, ಬ್ರಹ್ಮನಾಳದ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. (ಖಾನಾಪುರ ಎಂದೊಡನೆ ನಮ್ಮ ಬೆಳಗಾವಿ ಕಡೆಯವರಿಗೆ ಮಲೆನಾಡಿನ ಖಾನಾಪುರ ನೆನಪಾಗುತ್ತದೆ. ಇದು ಅದಲ್ಲ, ಇದು ವಿಟಾ ಕಡೆಯ ಖಾನಾಪುರ, ಮಳೆ ನೆಚ್ಚಲಾಗದ ಬರಡು ಸೀಮೆ.) ಈ ಹೊಳೆಯ ದಂಡೆಯ ಬಲವಡಿ ಮತ್ತು ತಾಂದುಳವಾಡಿ ಗ್ರಾಮಸ್ಥರು 1980ರ ದಶಕದಲ್ಲಿ ತಾವೇ ಮುಂದಾಗಿ ಒಂದು ಸಣ್ಣ ಒಡ್ಡು ಕಟ್ಟಿದರು. ಅದರ ಹೆಸರು ಬಳಿರಾಜಾ ಸ್ಮೃತಿ ಧರಣ. ಬಳಿರಾಜನೆಂದರೆ ನಮ್ಮ ಬಲಿಪಾಡ್ಯಮಿಯ ಬಲಿ ಚಕ್ರವರ್ತಿಯೇ. ಮರಾಠಿಯಲ್ಲಿ ರೈತನನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.

ಒಡ್ಡಿನ ಕಥೆಗೆ ಮೊದಲು ಉಸುಕಿನ ವಿಷಯ ಹೇಳಬೇಕು. ಹೊಳೆಯ ಉಸುಕೆಂದರೆ ಮನೆ ಕಟ್ಟುವ ಸಾಮಾನು ಎಂದಷ್ಟೇ ನಾವು ತಿಳಿದಿದ್ದೇವೆ. ಒಂದು ಬಕೆಟ್ಟಿನ ತುಂಬ ಒಣ ಉಸುಕು ತುಂಬಿ, ಮೇಲಿನಿಂದ ಚೆಂಬಿನಲ್ಲಿ ನೀರು ಹೊಯ್ಯುತ್ತ ಹೋಗಿರಿ. ಬಕೆಟ್ಟಿನ ಸುಮಾರು ಮೂರನೆಯ ಒಂದು ಪಾಲು ನೀರನ್ನು ಆ ಉಸುಕು ಕುಡಿದುಬಿಡುತ್ತದೆ. ಕಣ ಕಣಗಳ ನಡುವೆ ಅಷ್ಟು ಖಾಲಿ ಜಾಗವಿರುತ್ತದೆ. ಹೊಳೆಯಲ್ಲಿಯೂ ಹೀಗೆಯೇ. ಮಳೆಗಾಲದ ನೀರು ಉಸುಕಿನೊಳಗೆ ಇಳಿದು ನಿಲ್ಲುತ್ತದೆ. ಮೇಲಿನ ಥರ ಒಣಗಿದರೆ ಕೆಳಗಿನ ನೀರಿಗೆ ಬಿಸಿಲು ತಾಗದು. ಅದು ಸಾವಕಾಶವಾಗಿ ಪಕ್ಕಕ್ಕೆ ಹರಿದು ದಂಡೆಯ ಬಾವಿಗಳಿಗೆ ಒಸರುತ್ತದೆ. ಉಸುಕು ತೆಗೆದು ಬರೀ ಕಲ್ಲಿನ ತಳ ಉಳಿಸಿದರೆ ಬಂದ ಪ್ರವಾಹ ಬಂದ ಹಾಗೆಯೇ ಹೋಗುತ್ತದೆ, ಬೇಸಿಗೆಗೆ ಮೊದಲೇ ಬಾವಿ ಬತ್ತುತ್ತದೆ. ಮೊದಲು ಬೇಸಿಗೆಯಲ್ಲಿಯೂ ಹರಿಯುತ್ತಿದ್ದ ಯೇರಳಾ ಬತ್ತಿದ್ದಕ್ಕೆ ಗುತ್ತಿಗೆದಾರರ ಟ್ರಕ್ಕುಗಳು ಬಗೆದೊಯ್ದ ಉಸುಕು ಒಂದು ದೊಡ್ಡ ಕಾರಣವೆಂದು ಆ ಹಳ್ಳಿಗರು ಕಂಡುಕೊಂಡರು.

ಕಂಡುಕೊಂಡ ಕಾಲವೂ ಕಠಿಣವಾದದ್ದೇ. 1982ರ ಜನವರಿಯಲ್ಲಿ ಮುಂಬಯಿ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಗಿರಣಿಗಳಲ್ಲಿ ದುಡಿಯುತ್ತಿದ್ದ ಈ ಸೀಮೆಯ ಅನೇಕರು ಊರಿಗೆ ಮರಳಿದರು. ಊರಲ್ಲಿ ನೋಡಿದರೆ ಬರಗಾಲ. ಬರಗಾಲ ಕಾಮಗಾರಿಯಲ್ಲಿ ವರ್ಷ ವರ್ಷ ಕಲ್ಲು ಒಡೆದು ಕೂಲಿ ಪಡೆಯುವುದರ ಬದಲು ಬರವನ್ನೇ ನೀಗುವ ಕೆಲಸ ಕೊಡಿ ಎಂದು ಕೇಳುವ ಚಳವಳಿಯೊಂದು ಹುಟ್ಟಿತು. ಡಾ. ಭಾರತ ಪಾಟಣಕರ ಅವರ ಮುಂದಾಳುತನದ ಆ ಸಂಘಟನೆಯ ಹೆಸರು ಮುಕ್ತಿ ಸಂಘರ್ಷ. ಹೊಳೆ ನಮ್ಮದು, ಉಸುಕು ಯಾರದು ಎಂಬುದು ಅವರ ಪ್ರಶ್ನೆ. ಗುತ್ತಿಗೆದಾರನ ಲೂಟಿ ನಿಲ್ಲಲಿ. ಒಂದು ಮಿತವಾದ ಪಾಲು ಉಸುಕನ್ನು ಗ್ರಾಮಸ್ಥರೇ ಮಾರಿ ಆ ಹಣದಿಂದ ಒಡ್ಡು ಕಟ್ಟಲಿ ಎಂದು ಅವರು ಹಟ ಹಿಡಿದರು. ಅನುಮತಿಗಾಗಿ ಹೋರಾಡಬೇಕಾಯಿತು. ಕೆ.ಆರ್. ದಾತೆಯವರಂಥ ಇಂಜಿನಿಯರರು ತಾಂತ್ರಿಕ ಸಲಹೆ ನೀಡಿದರು, ಗ್ರಾಮಸ್ಥರು ಶ್ರಮದಾನ ಮಾಡಿದರು.

ಉಸುಕು ಉಳಿಸಬೇಕೆನ್ನುವವರೇ ಉಸುಕು ಮಾರಿದ್ದು ಹೇಗೆ ಸರಿ ಎಂದು ತಾವು ಕೇಳಬಹುದು. ಸ್ವಲ್ಪ ಮಾರಿ, ಉಳಿದದ್ದನ್ನು ಕಾಯುವ ಅಧಿಕಾರ ಪಡೆದರು ಎಂಬುದೇ ಉತ್ತರ. ಆದರೆ ಇದನ್ನು ಓದಿ ಯಾರೂ ಇಂದು ಹೊಳೆಗೆ ಟ್ರ್ಯಾಕ್ಟರ್ ಇಳಿಸಬಾರದು. 2012ರ ಸುಪ್ರೀಂ ಕೋರ್ಟ್ ತೀರ್ಪಿನ ತರುವಾಯ ಸಣ್ಣ ಉಸುಕಿನ ಗುತ್ತಿಗೆಗೂ ಪರಿಸರ ಮಂಜೂರಾತಿ ಬೇಕಾಗುತ್ತದೆ.

ಇನ್ನು ಮುಖ್ಯವಾದ ಕರಾರಿಗೆ ಬರೋಣ. ಒಡ್ಡಿನ ನೀರಿನಲ್ಲಿ ಪ್ರತಿ ಮನೆತನಕ್ಕೂ ಸಮಪಾಲು. ಹೊಲವಿಲ್ಲದವನಿಗೂ ಅಷ್ಟೇ ಪಾಲು. ಹೊಲವಿಲ್ಲದವನು ನೀರನ್ನೇನು ಮಾಡಬೇಕು? ನೀರಿಲ್ಲದವನ ಹೊಲವನ್ನು ಪಾಲಿನಿಂದ ಮಾಡಬಹುದು. ಹೊಲ ಅವನದು, ನೀರು ಇವನದು. ಈ ಅಂಶವನ್ನು ಕೇವಲ ದಯೆ ದಾಕ್ಷಿಣ್ಯವೆಂದು ತಿಳಿಯಬಾರದು. ದಿನಗೂಲಿಗಾಗಿ ಟ್ರಕ್ಕಿಗೆ ಉಸುಕು ತುಂಬುವವನು ಬಹುತೇಕ ಹೊಲವಿಲ್ಲದವನೇ ಆಗಿರುತ್ತಾನೆ. ಹೊಳೆಯ ನೀರಿನಲ್ಲಿ ಅವನಿಗೆ ಪಾಲಿಲ್ಲದಿದ್ದರೆ, ಹೊಳೆ ಉಳಿಯಲಿ ಎಂದು ಅವನೇಕೆ ಬಯಸಿಯಾನು? ಪರಿಸರ ರಕ್ಷಣೆಯ ಭಾಷಣಗಳಲ್ಲಿ ಈ ಮಾತನ್ನು ನಾನು ಹೆಚ್ಚಾಗಿ ಕೇಳಿಲ್ಲ.

ಎರಡನೆಯದು, ಈ ನೀರಿನಿಂದ ಕಬ್ಬು ಬೆಳೆಯಕೂಡದು. ಇದಕ್ಕಿಂತ ಮೊದಲೇ ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಖೆಯವರು 1972ರ ಬರಗಾಲದ ನಂತರ ನಡೆಸಿದ ಪಾಣಿ ಪಂಚಾಯತದಲ್ಲಿಯೂ ಇದೇ ನಿರ್ಬಂಧವಿತ್ತು. ಅಲ್ಲಿ ತಲೆಗೆ ಅರ್ಧ ಎಕರೆಯ ನೀರು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆ. ಹೊಲ ಮಾರಿದರೆ ನೀರಿನ ಹಕ್ಕು ಹೊಲದ ಸಂಗಡ ಹೋಗುವುದಿಲ್ಲ.

ಕಬ್ಬಿನ ಮೇಲೆ ಇವರಿಗೇನು ಸಿಟ್ಟು ಎನ್ನುವ ಮೊದಲು ಲೆಕ್ಕ ಮಾಡಿ ನೋಡೋಣ. ಕಬ್ಬಿಗೆ ವರ್ಷಕ್ಕೆ, ಮಳೆಯ ಪಾಲೂ ಸೇರಿ, ಸುಮಾರು 2000 ಮಿ.ಮೀ. ನೀರು ಬೇಕು. ಎಕರೆಗೆ ಇದು ಸುಮಾರು 80 ಲಕ್ಷ ಲೀಟರ್ ಆಗುತ್ತದೆ. 2016ರ ಏಪ್ರಿಲ್‌ದಲ್ಲಿ ನಮ್ಮ ಮಿರಜ ಸ್ಟೇಶನ್ನಿನಿಂದ ಲಾತೂರಿಗೆ ನೀರಿನ ರೈಲು ಹೊರಟದ್ದು ತಮಗೆ ನೆನಪಿದೆ. ಮೊದಲ ಗಾಡಿ 10 ವ್ಯಾಗನ್ನಿನದು, 5 ಲಕ್ಷ ಲೀಟರ್. ಮುಂದೆ 50 ವ್ಯಾಗನ್ನಿನ ಗಾಡಿಗಳು 25 ಲಕ್ಷ ಲೀಟರ್ ಒಯ್ದವು. ಅಂದರೆ ನಮ್ಮ ಒಂದು ಎಕರೆ ಕಬ್ಬು ಅಂಥ ಮೂರು ದೊಡ್ಡ ಗಾಡಿಗಳಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಹಿಂಗಾರಿ ಜೋಳವಾದರೆ ಅಷ್ಟೇ ನೀರಿನಲ್ಲಿ ನಾಲ್ಕು ಎಕರೆ ಬೆಳೆದೀತು. ಕಡಿಮೆ ನೀರಿನ ಒಡ್ಡಿನಲ್ಲಿ ನಾಲ್ಕು ಮನೆ ಕಬ್ಬು ಹಚ್ಚಿದರೆ ನಲವತ್ತು ಮನೆಯ ಜೋಳ, ಶೇಂಗಾ ಒಣಗುತ್ತವೆ. ಆ ಹಳ್ಳಿಗಳ ನಿರ್ಣಯ ಅವರ ಹೊಳೆಗೆ ತಕ್ಕದ್ದೇ ಆಗಿದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಾರ್ಖಾನೆಗೆ ಬೀಗ ಹಾಕಬೇಕೇ? ಹಾಗಲ್ಲ. ವಾಳವಾದ ಹುತಾತ್ಮಾ ಸಹಕಾರಿ ಸಕ್ಕರೆ ಕಾರ್ಖಾನೆಯ ಸಂಸ್ಥಾಪಕರಾದ ಸ್ವಾತಂತ್ರ್ಯ ಹೋರಾಟಗಾರ ನಾಗನಾಥ ಅಣ್ಣಾ ನಾಯಕವಾಡಿಯವರು 1990ರ ದಶಕದಲ್ಲಿ ಆಟಪಾಡಿಯ ಪರಿಷತ್ತುಗಳಲ್ಲಿ ಬರಪೀಡಿತ 13 ತಾಲೂಕುಗಳ ಪಾಲಿನ ನೀರಿಗಾಗಿ ಹೋರಾಡಿದರು. ಕಬ್ಬಿನ ಕಾರ್ಖಾನೆ ಕಟ್ಟಿದವರೇ ಮೇಲಿನ ಸೀಮೆಯ ನೀರಿನ ಮಾತು ಆಡಿದರು. ಕೃಷ್ಣಾ ದಂಡೆಯಲ್ಲಿರುವ ನಾವು ಕಬ್ಬು ಬೆಳೆಯುವುದು ಸರಿಯೇ. ಹೇಗೆ ಬೆಳೆಯುತ್ತೇವೆಂಬುದು ಪ್ರಶ್ನೆ. ನೀರು ಹೆಚ್ಚು ಬಿಟ್ಟರೆ ನಮಗೂ ಲಾಭವಿಲ್ಲ. ದಂಡೆಯ ಎರೆ ಭೂಮಿ ಸವಳು ಜವಳು ಆಗಿರುವುದನ್ನು ಕಾಣಲು ದೂರ ಹೋಗಬೇಕಿಲ್ಲ. ಕಸಬೆ ಡಿಗ್ರಜ ಕೃಷಿ ಸಂಶೋಧನಾ ಕೇಂದ್ರ ಈ ಜಮೀನುಗಳ ಮೇಲೆಯೇ ಕೆಲಸ ಮಾಡುತ್ತಿದೆ. ಹೆಚ್ಚಾದ ನೀರು ಕೆಳಗಿಳಿದು, ಬಸಿದುಹೋಗಲು ದಾರಿಯಿಲ್ಲದೆ, ಉಪ್ಪನ್ನು ಹೊತ್ತು ಮೇಲೇರುತ್ತದೆ. ಒಮ್ಮೆ ಹೊಲ ಬೆಳ್ಳಗಾದ ಮೇಲೆ ಬಸಿಗಾಲುವೆ, ನೆಲದಡಿಯ ಪೈಪು ಎಂದು ಮಾಡುವ ಖರ್ಚು ಸಣ್ಣದಲ್ಲ.

ಹನಿ ನೀರಾವರಿಯಿಂದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ನೀರು ಉಳಿಯುತ್ತದೆ. ಅದು ಸಾಧ್ಯವಿಲ್ಲದವರು ಕನಿಷ್ಠ ರವದಿಗೆ ಬೆಂಕಿ ಹಚ್ಚಬಾರದು. ಎಕರೆಗೆ 3ರಿಂದ 4 ಟನ್ ರವದಿ ದೊರೆಯುತ್ತದೆ. ಕಟಾವಾದೊಡನೆ ಅದನ್ನು ಸಾಲುಗಳ ನಡುವೆ ಹರಡಿ, ಎಕರೆಗೆ 32 ಕಿಲೋ ಯೂರಿಯಾ, 40 ಕಿಲೋ ಸುಪರ್ ಫಾಸ್ಫೇಟ್, 4 ಕಿಲೋ ಕೊಳೆಯಿಸುವ ಜೀವಾಣು ಹಾಕಿ ನೀರು ಬಿಡಬೇಕು. ಕೂಳೆ ಕಬ್ಬಿಗೆ ಹಸಿ ಹಿಡಿದಿರುತ್ತದೆ, ಕಳೆಯೂ ಕಡಿಮೆ. ಬೋದಿನ ಮೇಲೆ ರವದಿ ಬಿದ್ದರೆ ಸರಿಸಿ, ಮೊಳಕೆಗೆ ಬೆಳಕು ಬೇಕು.

ಹಳ್ಳ ಹೊಳೆಯ ದಂಡೆಯಲ್ಲಿ ಬಾವಿಯುಳ್ಳ ಸಭಾಸದರು ಇನ್ನೊಂದು ಕೆಲಸ ಮಾಡಬೇಕೆಂದು ವಿನಂತಿ. ದೀಪಾವಳಿ, ಸಂಕ್ರಾಂತಿ, ಯುಗಾದಿ ಮತ್ತು ಬಸವ ಜಯಂತಿಯ ಹೊತ್ತಿಗೆ ಬಾವಿಯ ದಡದಿಂದ ನೀರಿನವರೆಗೆ ಹಗ್ಗ ಬಿಟ್ಟು, ಎಷ್ಟು ಅಡಿ ಎಂದು ಬರೆದಿಡಿರಿ. ಸಮೀಪದಲ್ಲಿ ಉಸುಕು ತೆಗೆಯುತ್ತಿದ್ದರೆ ಅದನ್ನೂ ನಮೂದಿಸಿರಿ. ಚೀಟಿಯನ್ನು ತಮ್ಮ ಗಟ್ ಕಚೇರಿಯ ಕೃಷಿ ಸಹಾಯಕರ ಕೈಗೆ ಕೊಡಿರಿ. ಗ್ರಾಮಸಭೆಯಲ್ಲಿ ಉಸುಕಿನ ಮಾತು ಬಂದಾಗ ಈ ಅಂಕಿಗಳು ಬೇಕಾಗುತ್ತವೆ.