ಪಾಳು ಗುಡಿ, ಪೂಜೆಯ ಗುಡಿ: ಮಣ್ಣೆ ಮತ್ತು ಶಿವಗಂಗೆಯ ಭೇಟಿಗಳ ಕುರಿತು

ತ್ಯಾಮಗೊಂಡ್ಲಿನಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಮಣ್ಣೆ ಎಂಬ ಹಳ್ಳಿಯಿದೆ. ಎಂಟನೆಯ ಶತಮಾನದಲ್ಲಿ, ಗಂಗ ದೊರೆ ಶ್ರೀಪುರುಷನ ಕಾಲಕ್ಕೆ, ಅದು ಮಾನ್ಯಪುರವೆಂಬ ರಾಜಧಾನಿ. ಅಲ್ಲಿನ ಕಪಿಲೇಶ್ವರ ದೇವಾಲಯ ಇಂದು ಬಹುಪಾಲು ಶಿಥಿಲವಾಗಿ ನಿಂತಿದೆ. ಅದೇ ನೆಲಮಂಗಲ ತಾಲ್ಲೂಕಿನಲ್ಲಿ, ದಾಬಸ್‌ಪೇಟೆಯ ಸಮೀಪ, ಶಿವಗಂಗೆಯ ಬೆಟ್ಟವಿದೆ. ಅಲ್ಲಿ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಇಂದಿಗೂ ಪೂಜೆ ನಡೆಯುತ್ತದೆ. ಅನ್ಯಧರ್ಮಗಳ ಅಧ್ಯಯನದ ಅಂಗವಾಗಿ ಗುರುಮಠದ ವಿದ್ಯಾರ್ಥಿಗಳನ್ನು ಒಂದೇ ದಿನದಲ್ಲಿ ಈ ಎರಡೂ ಸ್ಥಳಗಳಿಗೆ ಕರೆದೊಯ್ಯುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮಣ್ಣೆಯಲ್ಲಿ ಎಲ್ಲರಿಗೂ ಮಾತು ಬರುತ್ತದೆ: ಕೆತ್ತನೆ, ಕಂಬ, ಕಾಲಮಾನ. ಶಿವಗಂಗೆಯಲ್ಲಿ ಗಂಟೆ ಮೊಳಗಿ ಮಂಗಳಾರತಿಯ ತಟ್ಟೆ ಎದುರಿಗೆ ಬಂದೊಡನೆ ಅದೇ ವಿದ್ಯಾರ್ಥಿಗಳು ಮೌನಿಗಳಾಗುತ್ತಾರೆ. ಕೈಯನ್ನು ಎಲ್ಲಿಡಬೇಕೆಂಬುದೇ ತಿಳಿಯದು. ಪಾಳುಬಿದ್ದ ಗುಡಿ ನಮ್ಮನ್ನು ಏನನ್ನೂ ಕೇಳುವುದಿಲ್ಲ. ಪೂಜೆಯ ಗುಡಿ ಕೇಳುತ್ತದೆ. ದೇವಶಾಸ್ತ್ರದ ಕೆಲಸ ಆರಂಭವಾಗುವುದು ಈ ಎರಡನೆಯ ಸ್ಥಳದಲ್ಲಿ ಎಂಬುದು ನನ್ನ ವಾದ.

ಹಾಗೆಂದು ಮಣ್ಣೆಯನ್ನು ಬಿಟ್ಟುಬಿಡುವಂತಿಲ್ಲ. ಶಕ 719ರ, ಎಂದರೆ ಕ್ರಿ.ಶ. 797ರ, ಮಣ್ಣೆಯ ತಾಮ್ರಶಾಸನವು ಗಂಗರ ಸೇನಾನಿ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಶಿವಾಲಯವೂ ಬಸದಿಯೂ ಇದ್ದ ಊರು ಅದು. ಈ ಜಿಲ್ಲೆಯ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದವರು ಬಿ.ಎಲ್. ರೈಸ್, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ ಬೆಂಗಳೂರಿನಲ್ಲೇ ಹುಟ್ಟಿದವರು. ಅನ್ಯರ ದೇಗುಲದ ಕಲ್ಲನ್ನು ಅಕ್ಷರ ಅಕ್ಷರವಾಗಿ ಓದುವ ತಾಳ್ಮೆಯೂ ಕ್ರೈಸ್ತ ಮನೆಯೊಂದರಲ್ಲಿ ಬೆಳೆಯಬಲ್ಲದಾಗಿತ್ತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ಶಿವಗಂಗೆಯ ಇತಿಹಾಸವೂ ಸರಳರೇಖೆಯಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಮರಣಹೊಂದಿದ್ದು ಇಲ್ಲಿಯೇ ಎಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಆಕೆ ಜೈನಳು, ತಾಯಿ ಮಾಚಿಕಬ್ಬೆಯೂ ಜೈನಳು. ತಂದೆ ಮಾರಸಿಂಗಯ್ಯ ಶೈವ. ಬಹುಧರ್ಮೀಯ ಬದುಕು ಎಂಬುದನ್ನು ನಾವು ಈಚಿನ ವಿಚಾರಸಂಕಿರಣಗಳಿಂದ ಕಲಿತವರಂತೆ ಮಾತನಾಡುತ್ತೇವೆ. ಈ ನಾಡಿನಲ್ಲಿ ಅದು ಒಂದೇ ಮನೆಯೊಳಗಿನ ವ್ಯವಹಾರವಾಗಿತ್ತು.

ಆದರೂ ಬೆಟ್ಟ ಹತ್ತುವ ಯಾತ್ರಿಕ ಶಾಂತಲೆಗಾಗಿ ಬರುವುದಿಲ್ಲ. ಹರಕೆ ತೀರಿಸಲು, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಕ್ಕೀತೇ ಎಂದು ನೋಡಲು, ಸಂಕ್ರಾಂತಿಯ ಕಲ್ಯಾಣೋತ್ಸವವನ್ನು ಕಣ್ತುಂಬಿಕೊಳ್ಳಲು ಬರುತ್ತಾನೆ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಇಲ್ಲಿನ ಪ್ರಸಿದ್ಧ ನಂಬಿಕೆ. ಇದನ್ನು ಕೇಳಿದೊಡನೆ ನಮ್ಮವರಲ್ಲಿ ಕೆಲವರು ರಸಾಯನಶಾಸ್ತ್ರಜ್ಞರಾಗಿಬಿಡುತ್ತಾರೆ. ನೇಪಲ್ಸ್ ನಗರದಲ್ಲಿ ಸಂತ ಜನುವಾರಿಯುಸರ ರಕ್ತ ದ್ರವವಾಗುವುದನ್ನು ಕುರಿತು ಓದುವಾಗ ಆ ಉತ್ಸಾಹ ಕಾಣಿಸುವುದಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಎತಾತೆ' ಘೋಷಣೆಯು ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಹೇಳುತ್ತದೆ. ಅದೇ ಉಸಿರಿನಲ್ಲಿ, ಕ್ರಿಸ್ತರನ್ನು ಸಾರುವ ಹೊಣೆಯನ್ನೂ ನೆನಪಿಸುತ್ತದೆ. ಹಿಂದೂ ಧರ್ಮವನ್ನು ಅದು ಹೆಸರಿಸಿಯೇ ಪ್ರಸ್ತಾಪಿಸುತ್ತದೆ. ಅಲ್ಲಿ ಗೌರವದಿಂದ ಹೇಳಿರುವುದು ಕಟ್ಟಡದ ಕಲೆಯನ್ನಲ್ಲ. ಜನರ ಧ್ಯಾನವನ್ನು, ತಪಸ್ಸನ್ನು, ಪ್ರೀತಿವಿಶ್ವಾಸಗಳಿಂದ ದೇವರನ್ನು ಶರಣುಹೋಗುವುದನ್ನು. ಆದ್ದರಿಂದ ದೇವಾಲಯವನ್ನು ವಸ್ತುಸಂಗ್ರಹಾಲಯದಂತೆ ನೋಡಿ ಬರುವವನು ಮಹಾಸಭೆಯ ಮಾತನ್ನು ಅರ್ಧವೂ ಪಾಲಿಸಿದಂತಾಗಲಿಲ್ಲ.

ಅಥೆನ್ಸಿನಲ್ಲಿ ಸಂತ ಪೌಲರು ನಡೆದುಕೊಂಡ ಬಗೆ ಇಲ್ಲಿ ನೆನೆಯತಕ್ಕದ್ದು. ಪ್ರೇಷಿತರ ಕಾರ್ಯಕಲಾಪಗಳ ಹದಿನೇಳನೆಯ ಅಧ್ಯಾಯದಲ್ಲಿ, ನಗರ ವಿಗ್ರಹಗಳಿಂದ ತುಂಬಿರುವುದನ್ನು ಕಂಡು ಅವರ ಮನಸ್ಸು ಕುದಿಯಿತೆಂದೂ, ಅವರು ಆ ಪೂಜಾವಸ್ತುಗಳ ನಡುವೆ ಸುತ್ತಾಡಿ ಗಮನವಿಟ್ಟು ನೋಡಿದರೆಂದೂ ಎರಡೂ ಬರೆದಿದೆ. ಕುದಿದವರು ಕಣ್ಣು ಮುಚ್ಚಿಕೊಳ್ಳಲಿಲ್ಲ. ನೋಡಿದವರು ತಮ್ಮ ವಿಶ್ವಾಸವನ್ನು ಹೊರಗೆ ಬಿಟ್ಟು ಬರಲಿಲ್ಲ.

ಗಮನವಿಟ್ಟು ನೋಡುವುದೆಂದರೆ, ಭಕ್ತರು ತಮ್ಮ ಕ್ರಿಯೆಗೆ ತಾವೇ ಕೊಡುವ ಅರ್ಥವನ್ನು ಮೊದಲು ಕೇಳುವುದು. ಶಿಲೆಯೇ ದೇವರೆಂದು ಯಾವ ಆಗಮವೂ ಹೇಳುವುದಿಲ್ಲ. ಪ್ರಾಣಪ್ರತಿಷ್ಠೆ, ಆವಾಹನೆಗಳಿಂದ ದೇವರು ಅಲ್ಲಿ ಸನ್ನಿಹಿತನಾಗುತ್ತಾನೆ ಎಂಬುದು ಅವರ ನಿಲುವು. ಶ್ರೀವೈಷ್ಣವರು ಇನ್ನೂ ಮುಂದೆ ಹೋಗಿ, ಅರ್ಚಾಮೂರ್ತಿಯನ್ನು ಭಗವಂತನ ಐದು ರೂಪಗಳಲ್ಲೊಂದೆಂದು ಎಣಿಸಿ, ಭಕ್ತನ ಕೈಗೆ ಸಿಗುವಷ್ಟು ದೇವರು ಇಳಿದು ಬರುವನೆನ್ನುತ್ತಾರೆ. ಮನುಷ್ಯಾವತಾರದ ರಹಸ್ಯವನ್ನು ಬೋಧಿಸುವ ನಮಗೆ ಈ 'ಇಳಿದು ಬರುವಿಕೆ' ಅಪರಿಚಿತವಲ್ಲ. ಆದರೆ ಭೇದವನ್ನು ಮಸುಕುಗೊಳಿಸಬಾರದು: ಹಿಬ್ರಿಯರ ಪತ್ರ ಒತ್ತಿ ಹೇಳುವ 'ಒಂದೇ ಸಾರಿ' ಎಂಬುದು, ಇತಿಹಾಸದ ಒಂದು ದೇಹದಲ್ಲಿ, ಒಂದು ಶಿಲುಬೆಯ ಮೇಲೆ ಜರುಗಿದ್ದು, ನಮ್ಮ ವಿಶ್ವಾಸದ ಬೆನ್ನೆಲುಬು. ಗುಡಿಯ ಕುರಿತು ಈ ನಾಡಿನ ಒಳಗಿನಿಂದಲೇ ಎದ್ದ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ಪ್ರಶ್ನಿಸಿ ಇಷ್ಟಲಿಂಗವನ್ನು ಅಂಗೈಗೆ ತಂದರು. ವಿಗ್ರಹವಿಮರ್ಶೆಯನ್ನು ಇಲ್ಲಿಗೆ ತಂದವರು ಮಿಷನರಿಗಳೇ ಎಂದು ತಿಳಿಯುವುದು ಅಜ್ಞಾನ.

ಇನ್ನು ಎಲ್ಲ ಭೇಟಿಗಳಲ್ಲೂ ತಪ್ಪದೆ ಬರುವ ಪ್ರಶ್ನೆ: ಪ್ರಸಾದ ಕೊಟ್ಟರೆ ತೆಗೆದುಕೊಳ್ಳಬಹುದೆ? ಕನ್ನಡ ಕ್ರೈಸ್ತರಿಗೆ ಈ ಪ್ರಶ್ನೆ ಲತೀನಿನಲ್ಲಿ ಓದಿದವರಿಗಿಂತ ಹತ್ತಿರದ್ದು, ಏಕೆಂದರೆ ನಾವು ಪ್ರಭುವಿನ ಶರೀರವನ್ನು ಕರೆಯುವುದೇ 'ಪರಮಪ್ರಸಾದ' ಎಂದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲರು ಎರಡು ಬೇರೆ ಸನ್ನಿವೇಶಗಳನ್ನು ಎತ್ತಿಕೊಳ್ಳುತ್ತಾರೆ. ಬಲಿಪೀಠದ ಪಂಕ್ತಿಯಲ್ಲಿ ಪಾಲುಗೊಳ್ಳುವುದು ಅನ್ಯೋನ್ಯತೆಯ ಕ್ರಿಯೆ. ಅದನ್ನು ಪ್ರಭುವಿನ ಪಂಕ್ತಿಯೊಡನೆ ಬೆರೆಸುವಂತಿಲ್ಲ. ಅಂಗಡಿಯ ಮಾಂಸವನ್ನೂ ಆತಿಥ್ಯದ ಊಟವನ್ನೂ ಪ್ರಶ್ನಿಸದೆ ತಿನ್ನಬಹುದು. ಆದರೆ ಇದು ನೈವೇದ್ಯದ್ದೆಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಬೇಕು. ಗುಡಿಯ ಪ್ರಸಾದ ನೈವೇದ್ಯವೆಂಬುದು ಹೇಳದೆಯೂ ತಿಳಿದಿರುವುದರಿಂದ, ಅದನ್ನು ಮುಟ್ಟಬಾರದೆನ್ನುವ ಗುರುಗಳ ವಾದಕ್ಕೆ ಬಲವಿದೆ. ಅವರನ್ನು ಸಂಕುಚಿತರೆಂದು ಕರೆಯುವುದು ಅನ್ಯಾಯ.

ಆದರೂ ನಾನು ಬೇರೆ ಓದನ್ನು ಮುಂದಿಡುತ್ತೇನೆ. ಪೌಲರ ಆಧಾರ ಮತ್ತೊಬ್ಬರ ಮನಸ್ಸಾಕ್ಷಿ: ತಿಂದದ್ದನ್ನು ಆತ ವಿಶ್ವಾಸದ ಘೋಷಣೆಯೆಂದು ತಿಳಿದಾನು ಎಂಬ ಕಾಳಜಿ. ನಾವು ಪರಮಪ್ರಸಾದವನ್ನು ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಕೊಡುತ್ತೇವೆ, ಏಕೆಂದರೆ ಅದನ್ನು ಸ್ವೀಕರಿಸುವುದು 'ನಾನು ಈ ಸಭೆಯವನು' ಎಂದು ಹೇಳಿದಂತೆ. ಗುಡಿಯ ಪ್ರಸಾದಕ್ಕೆ ಸಾಮಾನ್ಯವಾಗಿ ಆ ಬೇಲಿಯಿಲ್ಲ. ಬಂದವರಿಗೆಲ್ಲ ಸಲ್ಲುತ್ತದೆ, ನೆರೆಮನೆಗೂ ಹೋಗುತ್ತದೆ. ಕೊಡುವವರು ಅದನ್ನು ನಮ್ಮ ಮತಾಂತರವೆಂದು ಎಣಿಸುವುದಿಲ್ಲ. ಆದ್ದರಿಂದ ಬಾಳೆಹಣ್ಣನ್ನೋ ಕಾಯಿಯ ಹೋಳನ್ನೋ ನೆರೆಯವರ ಪ್ರೀತಿಯ ಕೊಡುಗೆಯಾಗಿ ಎರಡೂ ಕೈಯೊಡ್ಡಿ ತೆಗೆದುಕೊಳ್ಳುವುದು ಸಲ್ಲುತ್ತದೆಂದು ನನ್ನ ಅಭಿಪ್ರಾಯ. ಹೆಸರು, ನಕ್ಷತ್ರ, ಗೋತ್ರ ಹೇಳಿ ಅರ್ಚನೆ ಮಾಡಿಸುವುದು, ಆರತಿಯನ್ನು ಕಣ್ಣಿಗೊತ್ತಿಕೊಳ್ಳುವುದು, ತೀರ್ಥ ಸೇವಿಸುವುದು ಬೇರೆ. ಅವು ಪೂಜೆಯ ಕ್ರಿಯೆಗಳೇ. ನಂಬದೆ ಅವನ್ನು ಮಾಡುವುದು ನಮಗೂ ಸುಳ್ಳು, ನಂಬುವವರಿಗೂ ಅವಮಾನ. 1986ರಲ್ಲಿ ಅಸ್ಸಿಸಿಗೆ ಎಲ್ಲ ಧರ್ಮಗಳವರನ್ನು ಕರೆದಾಗ ಜಗದ್ಗುರು ಎರಡನೆಯ ಜಾನ್ ಪಾಲರು ಇದೇ ಗೆರೆಯನ್ನು ಎಳೆದಿದ್ದರು: ಪ್ರಾರ್ಥಿಸಲು ಒಟ್ಟಿಗೆ ಬರುವುದು ಒಂದು, ಒಟ್ಟಿಗೆ ಪ್ರಾರ್ಥಿಸುವುದು ಇನ್ನೊಂದು. ಜೊತೆಯಲ್ಲಿರುವ ಒಬ್ಬನ ಮನಸ್ಸು ಹಣ್ಣಿನಿಂದಲೂ ಕಲಕುವುದಾದರೆ, ಎಂಟನೆಯ ಅಧ್ಯಾಯದ ಪ್ರಕಾರ ಅಂದು ಎಲ್ಲರೂ ಬಿಡುವುದೇ ಸರಿ. ಸ್ಥಳೀಯ ಧರ್ಮಾಧ್ಯಕ್ಷರ ನಿರ್ದೇಶನವಿದ್ದಲ್ಲಿ ಅದೇ ನಿರ್ಣಾಯಕ.

ಮನಸ್ಸು ಕಲಕಲು ಇನ್ನೊಂದು ಕಾರಣವೂ ಇದೆ. ಸಂವಾದದ ಪುಸ್ತಕಗಳಲ್ಲಿ ಇದು ವಿರಳ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ಹಿರಿಯರಿಗೆ ಇಂಥ ಗುಡಿಗಳ ಹೊಸ್ತಿಲು ನಿಷಿದ್ಧವಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಹಿಂದೂ ಸಂಸ್ಥೆಗಳನ್ನು ಎಲ್ಲ ಹಿಂದೂಗಳಿಗೂ ತೆರೆಯಲು ಕಾನೂನಿಗೆ ಅಧಿಕಾರವಿತ್ತಿದ್ದರೂ ಮನೆಯ ನೆನಪು ಕಾನೂನಿನೊಡನೆ ಅಳಿಯುವುದಿಲ್ಲ. ಅಂಥ ಸಹೋದರನಿಗೆ ಕಂಬದ ಸೌಂದರ್ಯವನ್ನು ವಿವರಿಸುವ ಮುನ್ನ ಅವನ ಅಜ್ಜಿಯ ಮಾತನ್ನು ಕೇಳಬೇಕು. ಅವನು ಹೊರಗೇ ನಿಲ್ಲುತ್ತೇನೆಂದರೆ ಅದನ್ನು ಸಂವಾದವಿರೋಧವೆಂದು ಬಗೆಯಬಾರದು. ಅದೂ ಆ ದೇವಾಲಯದ ಇತಿಹಾಸದ ಭಾಗ. ಜಾತಿಯ ಸಾಲು ಚರ್ಚುಗಳಲ್ಲೂ ಸಮಾಧಿಭೂಮಿಗಳಲ್ಲೂ ಇದ್ದುದರಿಂದಲೇ ಭಾರತದ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಬೇಕಾಯಿತು ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಬೇಕು.

ಭೇಟಿಯ ಕ್ರಮದ ಬಗ್ಗೆ ಒಂದು ಸೂಚನೆ. ಮೊದಲು ಮಣ್ಣೆ, ಆಮೇಲೆ ಶಿವಗಂಗೆ ಎಂಬುದು ಕಾಲಾನುಕ್ರಮಕ್ಕೆ ಹೊಂದುವ ಯೋಜನೆ. ಅದನ್ನು ತಿರುಗಿಸುವುದು ಮೇಲು. ಬೆಳಿಗ್ಗೆ ಬೇಗನೆ ಬೆಟ್ಟ ಹತ್ತಿ, ಪೂಜೆಯ ಹೊತ್ತಿಗೆ ಒಂದು ಬದಿಯಲ್ಲಿ ನಿಂತು, ಒಬ್ಬ ಯಾತ್ರಿಕರೊಡನೆಯಾದರೂ ಮಾತನಾಡಿ, ಯಾವ ಹರಕೆ ಹೊತ್ತು ಬಂದಿರಿ ಎಂದು ಕೇಳಿ, ಅವರ ಉತ್ತರವನ್ನು ತಿದ್ದದೆ ಬರೆದುಕೊಳ್ಳಲಿ. ಮಧ್ಯಾಹ್ನ ಮಣ್ಣೆಯ ಗುಡಿಯೊಳಗೆ ನಿಂತಾಗ, ಆ ಕಲ್ಲುಗಳ ಮುಂದೆ ಒಂದು ಕಾಲದಲ್ಲಿ ಎಂಥ ಕೋರಿಕೆಗಳು ಕೇಳಿಬರುತ್ತಿದ್ದವೆಂದು ಊಹಿಸಲು ಅವರಿಗೆ ಕಷ್ಟವಾಗದು.