ಗ್ರಾಮ ಯೋಜನಾ ಗಡಿ (ಇಂಗ್ಲೆಂಡ್)

ಗ್ರಾಮ ಯೋಜನಾ ಗಡಿ ಎಂಬುದು ಇಂಗ್ಲೆಂಡಿನ ಸ್ಥಳೀಯ ಯೋಜನಾ ಪ್ರಾಧಿಕಾರಗಳು ಹಳ್ಳಿಯ ವಸತಿ ಪ್ರದೇಶವನ್ನು ಸುತ್ತಲಿನ ತೆರೆದ ಗ್ರಾಮೀಣ ಪ್ರದೇಶದಿಂದ ಬೇರ್ಪಡಿಸಲು ನಕ್ಷೆಯ ಮೇಲೆ ಎಳೆಯುವ ರೇಖೆಯಾಗಿದೆ. ಇದನ್ನು 'ಸೆಟ್ಲ್‌ಮೆಂಟ್ ಬೌಂಡರಿ', 'ಡೆವಲಪ್‌ಮೆಂಟ್ ಬೌಂಡರಿ' ಮತ್ತು 'ವಿಲೇಜ್ ಎನ್ವಲಪ್' ಎಂಬ ಹೆಸರುಗಳಿಂದಲೂ ಕರೆಯಲಾಗುತ್ತದೆ. ಸಾಮಾನ್ಯವಾಗಿ ರೇಖೆಯ ಒಳಗೆ ಹೊಸ ಮನೆ ಕಟ್ಟಲು ಅವಕಾಶವಿರುತ್ತದೆ. ಹೊರಗೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅವಕಾಶವಿರುವುದಿಲ್ಲ. ಈ ರೇಖೆ ಒಂದೇ ಕುಟುಂಬದ ಸ್ವತ್ತಿನ ನಡುವೆ ಹಾದುಹೋದಾಗ ಮನೆ ಒಳಗೂ ಹಿತ್ತಲು ಹೊರಗೂ ಉಳಿಯುತ್ತವೆ. ಅಂತಹ ಸಂದರ್ಭದಲ್ಲಿ ಮಾಲೀಕರು ಗಡಿಯನ್ನು ಪ್ರಶ್ನಿಸಲು ಕಾನೂನಿನಲ್ಲಿ ಹಲವು ಹಂತಗಳಿವೆ. ಆದರೆ ಪ್ರತಿಯೊಂದು ಹಂತಕ್ಕೂ ನಿಗದಿತ ಅವಧಿಯಿದ್ದು, ಅದು ಮೀರಿದ ಬಳಿಕ ಆ ದಾರಿ ಮುಚ್ಚಿಹೋಗುತ್ತದೆ.

ಹಿನ್ನೆಲೆ

1947ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು 1948ರ ಜುಲೈ 1ರಂದು ಜಾರಿಗೆ ಬಂದಿತು. ಅಂದಿನಿಂದ ಭೂಮಿಯ ಒಡೆತನ ಮತ್ತು ಅದನ್ನು ಅಭಿವೃದ್ಧಿಪಡಿಸುವ ಹಕ್ಕು ಬೇರೆ ಬೇರೆಯಾದವು. ಸ್ವಂತ ಜಮೀನಿನಲ್ಲಿ ಕಟ್ಟಡ ಕಟ್ಟಲೂ ಯೋಜನಾ ಅನುಮತಿ ಅಗತ್ಯವಾಯಿತು. ಅನುಮತಿ ನಿರಾಕರಿಸಿದರೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ಇಂದು ಈ ವ್ಯವಸ್ಥೆಗೆ 1990ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಹಾಗೂ 2004ರ ಯೋಜನೆ ಮತ್ತು ಕಡ್ಡಾಯ ಖರೀದಿ ಅಧಿನಿಯಮ ಆಧಾರವಾಗಿವೆ. 2004ರ ಅಧಿನಿಯಮದ 38(6)ನೇ ಕಲಮಿನ ಪ್ರಕಾರ, ಬೇರೆ ಪ್ರಸ್ತುತ ಕಾರಣಗಳಿಲ್ಲದಿದ್ದರೆ ಪ್ರತಿ ಅರ್ಜಿಯನ್ನೂ ಅಂಗೀಕೃತ ಅಭಿವೃದ್ಧಿ ಯೋಜನೆಗೆ ಅನುಗುಣವಾಗಿಯೇ ನಿರ್ಧರಿಸಬೇಕು. ನಕ್ಷೆಯ ಮೇಲಿನ ಒಂದು ರೇಖೆಗೆ ಇಷ್ಟು ತೂಕ ಬರುವುದು ಈ ಕಲಮಿನಿಂದ.

ಸ್ವತ್ತಿನ ಗಡಿಗೂ ಯೋಜನಾ ಗಡಿಗೂ ಇರುವ ವ್ಯತ್ಯಾಸ

ಸ್ವತ್ತಿನ ಗಡಿ ಒಡೆತನವನ್ನು ಸೂಚಿಸುತ್ತದೆ. ಅದರ ದಾಖಲೆ ಭೂ ನೋಂದಣಿ ಕಚೇರಿಯಲ್ಲಿರುತ್ತದೆ. ಯೋಜನಾ ಗಡಿ ಒಂದು ನೀತಿಯು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಆದ್ದರಿಂದ ರೇಖೆ ಹಿತ್ತಲನ್ನು ಸೀಳಿದರೂ ಒಡೆತನ ಕಡಿಮೆಯಾಗುವುದಿಲ್ಲ, ಹಿತ್ತಲಿನ ಬಳಕೆಯೂ ಬದಲಾಗುವುದಿಲ್ಲ. ತೋಟದ ಕೊಠಡಿ, ಶೆಡ್ಡು ಮುಂತಾದವುಗಳಿಗೆ 2015ರ ಸಾಮಾನ್ಯ ಅನುಮತಿ ಆದೇಶ ನೀಡುವ ಹಕ್ಕು ಮನೆಯ ಆವರಣವನ್ನು ಅವಲಂಬಿಸಿದೆಯೇ ಹೊರತು ಹಳ್ಳಿಯ ಗಡಿಯನ್ನಲ್ಲ. ರೇಖೆಯಿಂದ ಮುಖ್ಯವಾಗಿ ಬಾಧಿತವಾಗುವುದು ಹೊಸ ಮನೆ ಕಟ್ಟುವ ಸಾಧ್ಯತೆ ಮತ್ತು ಆ ಸಾಧ್ಯತೆಯಿಂದ ಭೂಮಿಗೆ ಬರುವ ಬೆಲೆ.

ರೇಖೆ ಸ್ವತ್ತನ್ನು ಸೀಳಲು ಕಾರಣಗಳು

ಕೆಲವೊಮ್ಮೆ ಇದು ಕೇವಲ ನಕ್ಷೆಯ ದೋಷ. ಹಳೆಯ ನಕ್ಷೆಯಲ್ಲಿದ್ದ, ಈಗ ಇಲ್ಲದ ಬೇಲಿಯನ್ನು ರೇಖೆ ಅನುಸರಿಸಿರಬಹುದು. ನಂತರ ಕಟ್ಟಿದ ಮನೆಗಳನ್ನು ಗಮನಿಸದೆ ಹಿಂದಿನ ಯೋಜನೆಯ ಗಡಿಯನ್ನೇ ನಕಲು ಮಾಡಿರಬಹುದು.

ಹಲವು ಬಾರಿ ಅದು ಉದ್ದೇಶಪೂರ್ವಕವೂ ಆಗಿರುತ್ತದೆ. ಉದ್ದನೆಯ ಹಿತ್ತಲುಗಳನ್ನು ಒಳಗೆ ಸೇರಿಸಿದರೆ ಮನೆಗಳ ಹಿಂದೆ ಎರಡನೆಯ ಸಾಲಿನ ಮನೆಗಳು ಏಳಬಹುದು, ಹಳ್ಳಿ ಹೊಲಗಳತ್ತ ಚಾಚಿಕೊಳ್ಳಬಹುದು ಎಂಬ ಕಾರಣದಿಂದ ಪ್ರಾಧಿಕಾರಗಳು ರೇಖೆಯನ್ನು ಕಟ್ಟಡಗಳಿಗೆ ಹತ್ತಿರದಲ್ಲೇ ಎಳೆಯುತ್ತವೆ. ಇನ್ನೊಂದು ಕಾರಣವೂ ಇದೆ. ಗಡಿಯ ಹೊರಗಿನ ಭೂಮಿಯ ಬೆಲೆ ಕಡಿಮೆಯಿರುವುದರಿಂದ, ಸ್ಥಳೀಯರಿಗೆ ಕೈಗೆಟುಕುವ ದರದ ಮನೆಗಳನ್ನು ವಿನಾಯಿತಿಯ ಆಧಾರದ ಮೇಲೆ ಅಲ್ಲಿ ಕಟ್ಟಲು ಸಾಧ್ಯವಾಗುತ್ತದೆ. ಗಡಿಯನ್ನು ಸಡಿಲಗೊಳಿಸಿದರೆ ಈ ಅವಕಾಶ ಕುಗ್ಗುತ್ತದೆ. ಹೀಗಾಗಿ ಗಡಿಯ ಪ್ರಶ್ನೆಯಲ್ಲಿ ಮಾಲೀಕರ ಹಿತದ ಜೊತೆಗೆ ಹಳ್ಳಿಯ ಉಳಿದವರ ಹಿತವೂ ಅಡಗಿದೆ.

ಯೋಜನೆ ಸಿದ್ಧವಾಗುವಾಗ ಆಕ್ಷೇಪಣೆ

ಗಡಿಯನ್ನು ಬದಲಾಯಿಸಲು ಹೆಚ್ಚು ಅವಕಾಶವಿರುವುದು ಸ್ಥಳೀಯ ಯೋಜನೆ ಇನ್ನೂ ಕರಡಾಗಿರುವಾಗ. 2012ರ ನಿಯಮಾವಳಿಯ 18ನೇ ನಿಯಮದ ಹಂತದಲ್ಲಿ ಪ್ರಾಧಿಕಾರವು ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. 19ನೇ ನಿಯಮದ ಹಂತದಲ್ಲಿ ಸಲ್ಲಿಕೆಗೆ ಸಿದ್ಧವಾದ ಯೋಜನೆಯನ್ನು ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 6 ವಾರಗಳ ಕಾಲಾವಕಾಶ ನೀಡುತ್ತದೆ. ಬಳಿಕ ಸ್ವತಂತ್ರ ಪರಿವೀಕ್ಷಕರು ಯೋಜನೆಯನ್ನು ಪರಿಶೀಲಿಸುತ್ತಾರೆ. ಯೋಜನೆಯಲ್ಲಿ ಬದಲಾವಣೆ ಕೋರಿ 19ನೇ ನಿಯಮದ ಹಂತದಲ್ಲಿ ಆಕ್ಷೇಪಣೆ ಸಲ್ಲಿಸಿದವರು ಅಪೇಕ್ಷಿಸಿದರೆ ಪರಿವೀಕ್ಷಕರ ಮುಂದೆ ಖುದ್ದಾಗಿ ಹಾಜರಾಗಿ ವಾದಿಸುವ ಹಕ್ಕು ಪಡೆಯುತ್ತಾರೆ.

ಪರಿವೀಕ್ಷಕರು ಯೋಜನೆಯನ್ನು 4 ಅಳತೆಗೋಲುಗಳಿಂದ ಪರೀಕ್ಷಿಸುತ್ತಾರೆ: ಅದು ಅಗತ್ಯಗಳನ್ನು ಪೂರೈಸುವ ದೃಷ್ಟಿಯಿಂದ ರೂಪುಗೊಂಡಿದೆಯೇ, ಪುರಾವೆಗಳಿಂದ ಸಮರ್ಥಿತವೇ, ಕಾರ್ಯಸಾಧ್ಯವೇ, ರಾಷ್ಟ್ರೀಯ ನೀತಿಗೆ ಅನುಗುಣವೇ. ಆದ್ದರಿಂದ 'ಇದು ನನ್ನ ಜಮೀನು' ಎಂಬ ವಾದಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಗಡಿ ಎಳೆಯಲು ಪ್ರಾಧಿಕಾರವೇ ಪ್ರಕಟಿಸಿದ ಮಾನದಂಡಗಳನ್ನು ಆ ರೇಖೆ ಪಾಲಿಸಿಲ್ಲ ಎಂದು ತೋರಿಸುವುದು ಪರಿಣಾಮಕಾರಿ. ಉದಾಹರಣೆಗೆ, ಗಡಿಯು ಗೋಡೆ, ಬೇಲಿ, ರಸ್ತೆಯಂತಹ ಕಣ್ಣಿಗೆ ಕಾಣುವ ಗುರುತುಗಳನ್ನು ಅನುಸರಿಸಬೇಕೆಂದು ಮಾನದಂಡದಲ್ಲಿದ್ದು, ರೇಖೆಯು ಯಾವ ಗುರುತೂ ಇಲ್ಲದ ಹುಲ್ಲುಹಾಸಿನ ನಡುವೆ ಹಾದುಹೋಗಿದ್ದರೆ ಅದು ಗಟ್ಟಿಯಾದ ಆಕ್ಷೇಪಣೆಯಾಗುತ್ತದೆ. ನೆರೆಯವರ ಇಂಥದೇ ಹಿತ್ತಲು ಒಳಗಿದ್ದು ಒಬ್ಬರದು ಮಾತ್ರ ಹೊರಗಿದ್ದರೆ ಅದನ್ನೂ ಎತ್ತಿ ತೋರಿಸಬಹುದು. ಮಾನದಂಡವೇ ಹಿತ್ತಲುಗಳನ್ನು ಹೊರಗಿಡುವಂತೆ ಹೇಳಿದ್ದರೆ, ಆ ಮಾನದಂಡವೇ ಸಮರ್ಥನೀಯವಲ್ಲ ಎಂದು ವಾದಿಸಬೇಕಾಗುತ್ತದೆ; ಇದು ಹೆಚ್ಚು ಕಷ್ಟಕರ.

ಆಕ್ಷೇಪಣೆಯೊಂದಿಗೆ ಸಾಮಾನ್ಯವಾಗಿ ಲಗತ್ತಿಸುವ ದಾಖಲೆಗಳು ಇವು:

• ಭೂ ನೋಂದಣಿಯ ನಕ್ಷೆ
• ದಿನಾಂಕವುಳ್ಳ ಛಾಯಾಚಿತ್ರಗಳು ಮತ್ತು ವೈಮಾನಿಕ ಚಿತ್ರಗಳು
• ಹಿಂದಿನ ಯೋಜನಾ ಅನುಮತಿಗಳು ಅಥವಾ ಕಾನೂನುಬದ್ಧ ಬಳಕೆಯ ಪ್ರಮಾಣಪತ್ರ
• ಕೋರುವ ಹೊಸ ರೇಖೆಯನ್ನು ಗುರುತಿಸಿದ ನಕ್ಷೆ

ಇಲ್ಲಿ ಒಂದು ಸೂಕ್ಷ್ಮವಿದೆ. ನೀತಿಗಳನ್ನು ತೋರಿಸುವ ನಕ್ಷೆಯು ಕಾನೂನಿನ ದೃಷ್ಟಿಯಲ್ಲಿ ಅಭಿವೃದ್ಧಿ ಯೋಜನಾ ದಸ್ತಾವೇಜು ಅಲ್ಲದ ಕಾರಣ, ಅದಕ್ಕೆ ನೇರವಾಗಿ ತಿದ್ದುಪಡಿ ಶಿಫಾರಸು ಮಾಡುವ ಅಧಿಕಾರ ಪರಿವೀಕ್ಷಕರಿಗಿಲ್ಲ. ಆದ್ದರಿಂದ ಯಾವ ನೀತಿಯು ಆ ರೇಖೆಯನ್ನು ಅವಲಂಬಿಸಿದೆಯೋ ಆ ನೀತಿಯನ್ನು ಹೆಸರಿಸಿ ಆಕ್ಷೇಪಿಸುವುದು ಅವಶ್ಯ.

2011ರ ಸ್ಥಳೀಯತಾ ಅಧಿನಿಯಮದ ಬಳಿಕ ಪ್ಯಾರಿಷ್ ಕೌನ್ಸಿಲ್‌ಗಳೂ ನೆರೆಹೊರೆ ಯೋಜನೆಯ ಮೂಲಕ ಗಡಿ ಎಳೆಯಬಹುದು. ಅದಕ್ಕೆ ಸಮಾಲೋಚನೆ, ಸ್ವತಂತ್ರ ಪರಿಶೀಲನೆ ಮತ್ತು ಜನಮತಗಣನೆ ನಡೆಯಬೇಕು.

ನ್ಯಾಯಾಲಯದಲ್ಲಿ ಪ್ರಶ್ನೆ

ಯೋಜನೆ ಅಂಗೀಕಾರವಾದ ಬಳಿಕ 2004ರ ಅಧಿನಿಯಮದ 113ನೇ ಕಲಮಿನಡಿ 6 ವಾರಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಪ್ರಾಧಿಕಾರ ಅಧಿಕಾರವ್ಯಾಪ್ತಿ ಮೀರಿದೆ ಅಥವಾ ಕಾರ್ಯವಿಧಾನ ಪಾಲಿಸಿಲ್ಲ ಎಂಬುದಷ್ಟೇ ಇಲ್ಲಿ ಆಧಾರ. ರೇಖೆ ಬೇರೆ ಕಡೆ ಇದ್ದಿದ್ದರೆ ಚೆನ್ನಾಗಿತ್ತೇ ಎಂಬುದನ್ನು ನ್ಯಾಯಾಲಯ ವಿಚಾರಿಸುವುದಿಲ್ಲ.

ಸಾಲಿಹಲ್ ಪ್ರಕರಣ (2014) ಇದಕ್ಕೆ ಹತ್ತಿರದ ನಿದರ್ಶನ. ಟಿಡ್ಬರಿ ಗ್ರೀನ್ ಹಳ್ಳಿಯ ಬಳಿಯ ಜಮೀನುಗಳನ್ನು ಹೊಸ ಯೋಜನೆಯು ಹಸಿರು ಪಟ್ಟಿಗೆ ಸೇರಿಸಿತ್ತು. ಹಸಿರು ಪಟ್ಟಿಯ ಗಡಿಯನ್ನು ಯಾವ ದಿಕ್ಕಿಗೆ ಬದಲಾಯಿಸಲೂ 'ಅಸಾಧಾರಣ ಸಂದರ್ಭಗಳು' ಇರಬೇಕೆಂಬ ಅಗತ್ಯವನ್ನು ಪಾಲಿಸಿಲ್ಲವೆಂದು ಉಚ್ಚ ನ್ಯಾಯಾಲಯ ತೀರ್ಮಾನಿಸಿತು; ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಈ ಕಠಿಣ ಅಳತೆಗೋಲು ಹಸಿರು ಪಟ್ಟಿಗೆ ಮಾತ್ರ ಸಲ್ಲುತ್ತದೆ, ಸಾಮಾನ್ಯ ಗ್ರಾಮ ಗಡಿಗೆ ಅಲ್ಲ.

ಅನುಮತಿ ಅರ್ಜಿ ಮತ್ತು ಮೇಲ್ಮನವಿ

ಗಡಿ ಬದಲಾಗದಿದ್ದರೂ ಅದರ ಹೊರಗಿನ ಭಾಗದಲ್ಲಿ ಕಟ್ಟಲು ಅನುಮತಿ ಕೇಳಲು ಅಡ್ಡಿಯಿಲ್ಲ. ಹೊಸ ಮನೆಯ ಅರ್ಜಿ ತಿರಸ್ಕೃತವಾದರೆ 1990ರ ಅಧಿನಿಯಮದ 78ನೇ ಕಲಮಿನಡಿ 6 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಈ ಸಂಬಂಧ ಎರಡು ತೀರ್ಪುಗಳು ಗಮನಾರ್ಹ.

ಕೆಂಟ್ ಕೌಂಟಿಯ ಗ್ರೇವ್‌ಷಮ್ ಪ್ರಕರಣದಲ್ಲಿ (2015) ಮೇಲ್ಮನವಿ ನ್ಯಾಯಾಲಯವು, ಹಸಿರು ಪಟ್ಟಿಯಲ್ಲಿ ಒಂದು ನಿವೇಶನ 'ಹಳ್ಳಿಯೊಳಗೆ' ಇದೆಯೇ ಎಂಬುದನ್ನು ಯೋಜನೆಯ ರೇಖೆಯೊಂದೇ ನಿರ್ಣಯಿಸಲಾರದು, ಸ್ಥಳದ ವಾಸ್ತವ ಸ್ಥಿತಿಯನ್ನು ನೋಡಬೇಕು ಎಂದಿತು. ಸಫೋಕ್ ಕೋಸ್ಟಲ್ ಪ್ರಕರಣದಲ್ಲಿ (2017) ಯೋಕ್ಸ್‌ಫರ್ಡ್ ಹಳ್ಳಿಯ ಗಡಿಯ ಹೊರಗೆ 26 ಮನೆಗಳ ಪ್ರಸ್ತಾವವಿತ್ತು. 5 ವರ್ಷಗಳಿಗೆ ಸಾಲುವಷ್ಟು ವಸತಿ ಭೂಮಿಯನ್ನು ಪ್ರಾಧಿಕಾರ ತೋರಿಸಲಾಗದಿದ್ದಲ್ಲಿ, ಮನೆ ಕಟ್ಟುವುದನ್ನು ತಡೆಯುವ ನೀತಿಗಳಿಗೆ ಎಷ್ಟು ತೂಕ ಕೊಡಬೇಕೆಂಬುದು ನಿರ್ಧರಿಸುವವರ ವಿವೇಚನೆಗೆ ಸೇರಿದ್ದು ಎಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಗಡಿಯ ಪುನರ್‌ಪರಿಶೀಲನೆ

ಸ್ಥಳೀಯ ಯೋಜನೆಯನ್ನು ಕನಿಷ್ಠ 5 ವರ್ಷಗಳಿಗೊಮ್ಮೆ ಪರಿಶೀಲಿಸಬೇಕೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಒಮ್ಮೆ ಅವಕಾಶ ತಪ್ಪಿದವರು ಮುಂದಿನ ಯೋಜನೆಯ ಕರಡಿಗಾಗಿ ಕಾಯಬೇಕಾಗುತ್ತದೆ. ಪ್ರಾಧಿಕಾರದ ಸಮಾಲೋಚನಾ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಮುಂದಿನ ಹಂತಗಳ ಸೂಚನೆ ತಲುಪುತ್ತದೆ. 2023ರಲ್ಲಿ ಅಂಗೀಕಾರವಾದ ಅಧಿನಿಯಮವೊಂದು ಯೋಜನೆ ರೂಪಿಸುವ ಹೊಸ ಕ್ರಮವನ್ನು ವಿಧಿಸಿದೆ. ಮೇಲಿನ ವಿವರಣೆ 2004ರ ಅಧಿನಿಯಮದ ಮೂಲ ಕ್ರಮಕ್ಕೆ ಸಂಬಂಧಿಸಿದ್ದು.

ಕರ್ನಾಟಕದೊಂದಿಗೆ ಹೋಲಿಕೆ

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಪರಿಕಲ್ಪನೆ ಗ್ರಾಮಠಾಣಾ. ಆದರೆ ಗ್ರಾಮಠಾಣಾ ಗಡಿ ಕಂದಾಯ ಭೂಮಾಪನ ದಾಖಲೆಯಿಂದ ಬಂದದ್ದು. ಇಂಗ್ಲೆಂಡಿನ ರೇಖೆ ಯೋಜನಾ ನೀತಿಯಿಂದ ಬಂದದ್ದು. ಗ್ರಾಮಠಾಣಾದ ಹೊರಗಿನ ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮು ಭೂಪರಿವರ್ತನೆಯ ವಿಧಾನವನ್ನು ಹೇಳುತ್ತದೆ. ಯೋಜನಾ ಪ್ರದೇಶಗಳಲ್ಲಿ ಭೂಬಳಕೆಯನ್ನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ರೂಪಿಸುವ ಮಹಾಯೋಜನೆ ನಿರ್ಧರಿಸುತ್ತದೆ. ಅದರ ಕರಡಿಗೂ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸುವ ಕ್ರಮವಿದೆ.