ಮಂಡಿಯೊಳಗೊಂದು ಮರುಹುಟ್ಟು

ಬರೀ 40 ಮಿಲಿಸೆಕೆಂಡು! ಪಾದ ನೆಲ ಮುಟ್ಟಿದ ಗಳಿಗೆಯಿಂದ ಮಂಡಿಯೊಳಗಿನ ಲಿಗಮೆಂಟ್ ಹರಿಯುವವರೆಗೆ ಹಿಡಿಯುವ ಕಾಲ ಹೆಚ್ಚುಕಡಿಮೆ ಇಷ್ಟೇ. ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್ ಪಂದ್ಯಗಳ ವಿಡಿಯೊಗಳನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ ನೋಡಿದ ನಾರ್ವೆಯ ಸಂಶೋಧಕರು 2010ರಲ್ಲಿ ಈ ಲೆಕ್ಕ ಕೊಟ್ಟರು. ಮಂಡಿ ತಿರುಚುತ್ತಿದೆ ಎಂಬ ಸುದ್ದಿ ಮೇಲಕ್ಕೆ ಹೋಗಿ, ಅಪ್ಪಣೆ ಕೆಳಕ್ಕೆ ಬಂದು, ತೊಡೆಯ ಸ್ನಾಯು ಬಿಗಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಫುಟ್‌ಬಾಲ್‌ನಲ್ಲಿ ಇದಕ್ಕಿಂತ ಬೆರಗಿನ ಸಂಗತಿಯೊಂದಿದೆ. ವೃತ್ತಿಪರ ಪುರುಷ ಆಟಗಾರರ ಇಂಥ 39 ಗಾಯಗಳ ವಿಡಿಯೊಗಳನ್ನು ಸ್ವೀಡನ್ನಿನ ತಂಡವೊಂದು ಪರಿಶೀಲಿಸಿತು. ಅವುಗಳಲ್ಲಿ 33ರಲ್ಲಿ ಮಂಡಿಗೆ ಯಾರ ಏಟೂ ನೇರವಾಗಿ ಬಿದ್ದಿರಲಿಲ್ಲ! ಎದುರಾಳಿಯಿಂದ ಚೆಂಡು ಕಸಿಯಲು ಧಾವಿಸಿ, ಪಕ್ಕಕ್ಕೆ ಥಟ್ಟನೆ ಹೆಜ್ಜೆ ಹಾಕುವಾಗ. ಚೆಂಡಿಗೆ ತಲೆಕೊಟ್ಟು ಒಂಟಿಕಾಲಲ್ಲಿ ಇಳಿಯುವಾಗ. ದಿನಕ್ಕೆ ನೂರು ಸಲ ಮಾಡುವ ಚಲನೆಯೇ ಒಂದು ದಿನ ಕೈಕೊಡುತ್ತದೆ. 'ಪಟ್' ಅಂದದ್ದು ಕೇಳಿಸಿತು ಎಂದು ಆಟಗಾರರೇ ಹೇಳುವುದುಂಟು.

ಹರಿಯುವುದು ಎಸಿಎಲ್ ಎಂಬ ಲಿಗಮೆಂಟ್. ತೊಡೆಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಮಂಡಿಯ ನಟ್ಟನಡುವೆ ಓರೆಯಾಗಿ ಬಿಗಿದ, ಸುಮಾರು ಮೂರು ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ಪಟ್ಟಿ. ಪೆರ್ಗಮಮ್‌ನಲ್ಲಿ ಗ್ಲಾಡಿಯೇಟರ್‌ಗಳ ವೈದ್ಯನಾಗಿದ್ದ ಗ್ಯಾಲೆನ್ ಎರಡನೆಯ ಶತಮಾನದಲ್ಲೇ ಇದನ್ನು ವರ್ಣಿಸಿದ್ದ. ತರುಣರ ಎಸಿಎಲ್ ಹರಿಯಬೇಕಾದರೆ ಎರಡು ಸಾವಿರ ನ್ಯೂಟನ್ನಿಗೂ ಮೀರಿದ ಬಲ ಬೇಕು. ಎಂದರೆ ಇನ್ನೂರು ಕಿಲೊಗೂ ಮಿಕ್ಕಿದ ಭಾರ. ಅದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ವಿಷಯ: ಅದರೊಳಗೆ ನರತುದಿಗಳಿವೆ! ಮಂಡಿ ಎಷ್ಟು ಬಾಗಿದೆ, ಎತ್ತ ತಿರುಗಿದೆ ಎಂಬುದನ್ನು ಅದು ಗಳಿಗೆ ಗಳಿಗೆಗೂ ಮಿದುಳಿಗೆ ತಿಳಿಸುತ್ತಿರುತ್ತದೆ. ಮೂಳೆಗಳನ್ನು ಹಿಡಿದಿಡುವುದರ ಜೊತೆಗೆ ಅದು ಮಂಡಿಯ ಪರವಾಗಿ ಮಾತನಾಡುವ ಅಂಗವೂ ಹೌದು.

ಇಷ್ಟೆಲ್ಲ ಮಾಡುವ ಈ ಪಟ್ಟಿ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಮಂಡಿಯ ಒಳಮಗ್ಗುಲಿನ ಲಿಗಮೆಂಟ್ ಎಷ್ಟೋ ಸಲ ಶಸ್ತ್ರಕ್ರಿಯೆಯಿಲ್ಲದೆಯೇ ಮಾಯುತ್ತದೆ. ಎಸಿಎಲ್ ಇರುವುದಾದರೋ ಕೀಲಿನ ದ್ರವದ ನಡುವೆ. ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ಸೇತುವೆಯಾಗಬೇಕು, ಆದರೆ ಆ ದ್ರವದಲ್ಲಿ ಹೆಪ್ಪು ನಿಲ್ಲುವುದೇ ಇಲ್ಲ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಎಂಬ ಶಸ್ತ್ರವೈದ್ಯರು ಗಣಿಕಾರ್ಮಿಕನೊಬ್ಬನ ಹರಿದ ಲಿಗಮೆಂಟುಗಳನ್ನು ಹೊಲಿದು ನೋಡಿದರು. ಮುಂದೆ ಹೊಲಿಗೆಯ ದಾರಿ ಹಿಂದೆ ಸರಿಯಿತು. ಈಗ ಸಾಮಾನ್ಯವಾಗಿ ಆಟಗಾರರ ದೇಹದಿಂದಲೇ, ಮಂಡಿಚಿಪ್ಪಿನ ಕೆಳಗಿನಿಂದಲೋ ತೊಡೆಯ ಹಿಂಭಾಗದಿಂದಲೋ, ಟೆಂಡನ್ನಿನ ಒಂದು ಭಾಗ ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯ ಲಿಗಮೆಂಟಿನ ಜಾಗದಲ್ಲಿ ನಾಟಿಯಾಗಿ ಕೂರಿಸುತ್ತಾರೆ.

ಇಲ್ಲಿಂದ ಮುಂದಿನದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ನನ್ನದೇ ಮಂಡಿಯನ್ನು ಮುಟ್ಟಿ ನೋಡಿಕೊಂಡೆ. ಕೂರಿಸಿದ ಟೆಂಡನ್ ಮೊದಲ ದಿನ ಮೂಲ ಲಿಗಮೆಂಟಿಗಿಂತಲೂ ಗಟ್ಟಿ. ಆದರೆ ಅದಕ್ಕೆ ರಕ್ತದ ಸಂಪರ್ಕ ಕಡಿದಿದೆ. ಕೆಲವು ವಾರಗಳಲ್ಲಿ ಅದರ ಜೀವಕೋಶಗಳು ಸಾಯತೊಡಗುತ್ತವೆ. ಉಳಿಯುವುದು ಕೊಲ್ಯಾಜನ್ ನಾರಿನ ಹಂದರ. ಆಗ ಸುತ್ತಲಿನಿಂದ ಹೊಸ ಜೀವಕೋಶಗಳು ಆ ಹಂದರಕ್ಕೆ ವಲಸೆ ಬರುತ್ತವೆ! ಸಣ್ಣ ಸಣ್ಣ ರಕ್ತನಾಳಗಳು ಒಳಕ್ಕೆ ಚಿಗುರುತ್ತವೆ. ಬಂದ ಕೋಶಗಳು ಹಳೆಯ ನಾರನ್ನು ಕಿತ್ತು, ಮಂಡಿಯ ಮೇಲೆ ಬೀಳುವ ಎಳೆತಕ್ಕೆ ತಕ್ಕಂತೆ ಹೊಸ ನಾರು ಹೆಣೆಯುತ್ತವೆ. 1986ರಲ್ಲಿ ಡೇವಿಡ್ ಅಮಿಯೆಲ್ ಮತ್ತು ಸಂಗಡಿಗರು ಮೊಲಗಳ ಮಂಡಿಯಲ್ಲಿ ಇದನ್ನು ಬೆನ್ನಟ್ಟಿದರು. ಮೂವತ್ತು ವಾರ ಕಳೆಯುವ ಹೊತ್ತಿಗೆ ಆ ಟೆಂಡನ್ನಿನ ರಾಸಾಯನಿಕ ರಚನೆಯೇ ಲಿಗಮೆಂಟಿನದರ ಹತ್ತಿರಕ್ಕೆ ಬಂದಿತ್ತು. ಸ್ನಾಯುವನ್ನು ಮೂಳೆಗೆ ಕಟ್ಟಲೆಂದು ಹುಟ್ಟಿದ್ದು ಮೂಳೆಗೆ ಮೂಳೆಯನ್ನು ಕಟ್ಟುವ ವಸ್ತುವಾಗತೊಡಗಿತ್ತು. ಮನುಷ್ಯರ ಮಂಡಿಯಲ್ಲಿ ಈ ಕೆಲಸ ಇನ್ನೂ ನಿಧಾನ, ಒಂದು ವರ್ಷ ದಾಟಿದ ಮೇಲೂ ಮುಂದುವರಿಯುತ್ತದೆ.

ಎದೆ ಝಲ್ಲೆನ್ನುವುದು ಈ ನಿಧಾನದ ನಡುವಿನ ಒಂದು ಘಟ್ಟಕ್ಕೆ. ಹಳೆಯದು ಸತ್ತು ಹೊಸದು ಇನ್ನೂ ಬಲಿಯದ ಆ ವಾರಗಳಲ್ಲಿ ನಾಟಿಯ ಬಲ ತಳ ಕಂಡಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಅಷ್ಟರಲ್ಲಿ ಆಟಗಾರನ ಊತ ಇಳಿದಿರುತ್ತದೆ, ನೋವು ಹೋಗಿರುತ್ತದೆ, ಊರುಗೋಲು ಮೂಲೆ ಸೇರಿರುತ್ತದೆ. ಇನ್ನೇನು ಓಡಬಹುದು ಅನ್ನಿಸುತ್ತದೆ. ಆದರೆ ಒಳಗೆ ಕಟ್ಟಡ ಬರೀ ಹಂದರ! ಬೇಗ ಮರಳಿದವನನ್ನು ಶೂರನೆಂದು ಹೊಗಳುವ ನಮ್ಮ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ನನಗೆ ಮನವರಿಕೆಯಾದದ್ದು ಇದನ್ನು ತಿಳಿದ ಮೇಲೆ. ಅಮೆರಿಕದ ಡೆಲವೇರ್ ಮತ್ತು ಓಸ್ಲೊ ಸಂಶೋಧಕರ ಜಂಟಿ ಅಧ್ಯಯನ 2016ರಲ್ಲಿ ಹೇಳಿದ್ದು ಹೀಗೆ: ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತದೆ. ಯುರೋಪಿನ ದೊಡ್ಡ ಕ್ಲಬ್‌ಗಳ ಪುರುಷ ಆಟಗಾರರಾದರೋ ಸರಾಸರಿ ಏಳೂವರೆ ತಿಂಗಳಿಗೇ ಪಂದ್ಯಕ್ಕೆ ಇಳಿಯುತ್ತಿದ್ದರು. ಬಹುತೇಕ ಎಲ್ಲರೂ ಮರಳಿದರು, ನಿಜ. ಮೂರು ವರ್ಷಗಳ ನಂತರ ಅದೇ ಉನ್ನತ ಮಟ್ಟದಲ್ಲಿ ಉಳಿದಿದ್ದವರು ನೂರಕ್ಕೆ 65 ಮಂದಿ.

ಮಂಡಿ ಮಾಗಿದರೂ ಕತೆ ಮುಗಿಯುವುದಿಲ್ಲ. ಹರಿದ ಲಿಗಮೆಂಟಿನ ಜೊತೆ ಅದರ ನರತುದಿಗಳೂ ಹೋದವಲ್ಲ, ಮಿದುಳು ಏನು ಮಾಡೀತು? ಶಸ್ತ್ರಕ್ರಿಯೆ ಮಾಡಿಸಿಕೊಂಡವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಮಂಡಿಯನ್ನು ಮಡಿಸಿ ಚಾಚಲು ಹೇಳಿ, ಸಂಶೋಧಕರು ಮಿದುಳಿನೊಳಗೆ ಇಣುಕಿದರು. ದೃಷ್ಟಿಗೆ ಸಂಬಂಧಿಸಿದ ಭಾಗ ಆರೋಗ್ಯವಂತರಿಗಿಂತ ಹೆಚ್ಚು ಚುರುಕಾಗಿತ್ತು! ಮಂಡಿಯಿಂದ ಬರುತ್ತಿದ್ದ ಸುದ್ದಿ ನಿಂತಾಗ ಮಿದುಳು ಆ ಕೊರತೆಯನ್ನು ಕಣ್ಣಿನಿಂದ ತುಂಬಿಕೊಳ್ಳಲು ಹೊರಟಿತ್ತು ಎಂದು ಸಂಶೋಧಕರು ಇದನ್ನು ಅರ್ಥೈಸುತ್ತಾರೆ. ಆದರೆ ಮೈದಾನದಲ್ಲಿ ಕಣ್ಣಿಗೆ ಬೇರೆ ಕೆಲಸವಿದೆ: ಚೆಂಡು, ಎದುರಾಳಿ, ಸಂಗಾತಿಯ ಓಟ. ಅದಕ್ಕೇ ಈಗ ಕೆಲವು ಫಿಸಿಯೊಗಳು ಮಿನುಗಿ ಮಿನುಗಿ ಕತ್ತಲಾಗುವ ಕನ್ನಡಕ ತೊಡಿಸಿ ಜಿಗಿಸುತ್ತಾರೆ. ಕಣ್ಣಿನ ಆಸರೆ ತಪ್ಪಿಸಿ, ಕಾಲಿನ ಮಾತು ಕೇಳುವುದನ್ನು ಮಿದುಳಿಗೆ ಹೊಸದಾಗಿ ಕಲಿಸುವ ಪಾಠ ಅದು.

ಇಷ್ಟನ್ನೂ ತಿಳಿದುಕೊಂಡು ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುಟೆಲಾಸ್ ಅವರ ದಿನಗಳನ್ನು ನೋಡಿ. 2022ರ ಜುಲೈ 5. ಯುರೋಪಿನ ಮಹಿಳಾ ಚಾಂಪಿಯನ್‌ಷಿಪ್ ಇಂಗ್ಲೆಂಡಿನಲ್ಲಿ ಮರುದಿನವೇ ಶುರುವಾಗಬೇಕು. ಆಗ ಜಗತ್ತಿನ ಶ್ರೇಷ್ಠ ಆಟಗಾರ್ತಿಯೆಂಬ ಪಟ್ಟ ಹೊತ್ತಿದ್ದ ಅವರ ಎಡ ಮಂಡಿಯ ಎಸಿಎಲ್ ಸ್ಪೇನ್ ತಂಡದ ಅಭ್ಯಾಸದಲ್ಲಿ ಹರಿಯಿತು. ಅಕ್ಟೋಬರಿನಲ್ಲಿ ಎರಡನೆಯ ಬ್ಯಾಲನ್ ಡಿಓರ್ ಪ್ರಶಸ್ತಿ ಕೈಗೆ ಬಂದಾಗಲೂ ಅವರು ಮೈದಾನದಿಂದ ದೂರವೇ. ಬಾರ್ಸಿಲೋನಾ ಪರ ಮತ್ತೆ ಆಡಲಿಳಿದದ್ದು 2023ರ ಏಪ್ರಿಲ್ 30ರಂದು, ಸುಮಾರು ಹತ್ತು ತಿಂಗಳ ಮೇಲೆ. ಆಗಸ್ಟ್‌ನಲ್ಲಿ ಸಿಡ್ನಿಯಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಆದರೆ ಮಂಡಿ ಮತ್ತೆ ತಕರಾರು ತೆಗೆಯಿತು, ಡಿಸೆಂಬರಿನಲ್ಲಿ ಇನ್ನೊಂದು ಶಸ್ತ್ರಕ್ರಿಯೆ. 2024ರ ಮೇ 25, ಬಿಲ್ಬಾವೊ, ಚಾಂಪಿಯನ್ಸ್ ಲೀಗ್ ಫೈನಲ್. ಬದಲಿ ಆಟಗಾರ್ತಿಯಾಗಿ ಬಂದು, ಹೆಚ್ಚುವರಿ ನಿಮಿಷಗಳಲ್ಲಿ ಲಿಯೋನ್ ವಿರುದ್ಧ ಎಡಗಾಲಿನಿಂದ ಚೆಂಡನ್ನು ಬಲೆಗೆ ಹೊಡೆದರು!

ಮಹಿಳಾ ಆಟಗಾರ್ತಿಯರಿಗೆ ಈ ಗಾಯದ ಅಪಾಯ ಪುರುಷರಿಗಿಂತ ಎರಡು ಮೂರು ಪಟ್ಟು. 2022-23ರ ಒಂದೇ ಋತುವಿನಲ್ಲಿ ಆರ್ಸೆನಲ್ ಮಹಿಳಾ ತಂಡದ ನಾಲ್ವರ ಎಸಿಎಲ್ ಹರಿಯಿತು. ತಡೆಯುವ ದಾರಿ ಇಲ್ಲವೆಂದೇನಲ್ಲ. ನಾರ್ವೆಯ ಹದಿಹರೆಯದ ಹುಡುಗಿಯರ 125 ಕ್ಲಬ್‌ಗಳಲ್ಲಿ ಆಟಕ್ಕೆ ಮುಂಚಿನ ಇಪ್ಪತ್ತು ನಿಮಿಷದ ವ್ಯಾಯಾಮಕ್ರಮವನ್ನು ಪರೀಕ್ಷಿಸಿದಾಗ ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಮಂಡಿ ಬಾಗಿಸಿ ಇಳಿಯುವುದು, ಒಂಟಿಕಾಲಲ್ಲಿ ತೂಗಿ ನಿಲ್ಲುವುದು, ಇಂಥವು. ಕಾಸು ಬೇಡದ ಈ ವ್ಯಾಯಾಮ ನಮ್ಮ ಪ್ರತಿ ಶಾಲಾ ಮೈದಾನದಲ್ಲೂ ಏಕೆ ಇರಬಾರದು?

ಇನ್ನೊಂದು ಬೆರಗು ಉಳಿದಿದೆ. 1879ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಸೆಗಾಂಡ್ ಮಂಡಿಯ ಹೊರಮಗ್ಗುಲಲ್ಲಿ ಮುತ್ತಿನ ಬಣ್ಣದ ಒಂದು ನಾರುಪಟ್ಟಿಯನ್ನು ಕಂಡು ಬರೆದಿಟ್ಟಿದ್ದ. 2013ರಲ್ಲಿ ಬೆಲ್ಜಿಯಮ್ಮಿನ ಸ್ಟೀವನ್ ಕ್ಲಾಸ್ ಮತ್ತು ಯೋಹಾನ್ ಬೆಲ್ಲೆಮನ್ಸ್ ತಂಡ ಮೃತದೇಹಗಳ 41 ಮಂಡಿಗಳನ್ನು ಬಿಡಿಸಿತು. ಒಂದನ್ನು ಬಿಟ್ಟು ಎಲ್ಲದರಲ್ಲೂ ಆ ಪಟ್ಟಿ ಇತ್ತು! ಮಂಡಿ ಒಳಕ್ಕೆ ತಿರುಚದಂತೆ ಹಿಡಿಯುವುದರಲ್ಲಿ ಅದರ ಪಾಲೆಷ್ಟು ಎಂಬ ಜಗಳ ವೈದ್ಯರ ನಡುವೆ ಇಂದಿಗೂ ನಡೆದಿದೆ. ಆದರೆ ಹೊರಮಗ್ಗುಲಿಗೂ ಆಸರೆ ಕೊಟ್ಟರೆ ಫಲವಿದೆಯೆಂದು 2020ರಲ್ಲಿ ಪ್ರಕಟವಾದ, 618 ಯುವಜನರ ಅಧ್ಯಯನ ತೋರಿಸಿತು: ನಾಟಿ ಮತ್ತೆ ಹರಿದವರು ನೂರಕ್ಕೆ 11ರಿಂದ 4ಕ್ಕೆ ಇಳಿದರು.

ಫುಟ್‌ಬಾಲ್ ಆಟಗಾರ ಝ್ಲಾಟಾನ್ ಇಬ್ರಾಹಿಮೊವಿಚ್ ಅವರ ಎಡ ಮಂಡಿಗೆ 2022ರ ಮೇ ತಿಂಗಳಲ್ಲಿ ಲಿಯೋನ್ ನಗರದಲ್ಲಿ ಆದದ್ದು ಇಂಥದೇ ಶಸ್ತ್ರಕ್ರಿಯೆ: ಹೊಸ ಎಸಿಎಲ್, ಜೊತೆಗೆ ಹೊರಮಗ್ಗುಲಿನ ಆಸರೆ. ಅದಕ್ಕೆ ಮುಂಚೆ ಆರು ತಿಂಗಳು ಆ ಮಂಡಿಯಲ್ಲಿ ಎಸಿಎಲ್ ಇಲ್ಲದೆಯೇ ಆಡಿದ್ದಾಗಿ ಅವರೇ ಹೇಳಿಕೊಂಡರು. ಬಲ ಮಂಡಿಯದು 2017ರಲ್ಲೇ ಹರಿದು ರಿಪೇರಿಯಾಗಿತ್ತು. ಒಂಬತ್ತು ತಿಂಗಳ ಮೇಲೆ, 2023ರ ಫೆಬ್ರುವರಿಯಲ್ಲಿ, ಅವರು ಮಿಲಾನ್ ಪರ ಮತ್ತೆ ಮೈದಾನಕ್ಕಿಳಿದರು. ಮಾರ್ಚ್ 18ರಂದು ಉದಿನೇಸೆ ವಿರುದ್ಧ ಪೆನಾಲ್ಟಿ ಹೊಡೆದರು. ಗೋಲು! ಪಂದ್ಯ ಮಿಲಾನ್ ಸೋತಿತು, ಆದರೆ 41 ವರ್ಷದ ಇಬ್ರಾಹಿಮೊವಿಚ್ ಅಂದು ಇಟಲಿಯ ಸೆರೀ ಎ ಇತಿಹಾಸದಲ್ಲೇ ಗೋಲು ಹೊಡೆದ ಅತಿ ಹಿರಿಯ ಆಟಗಾರರಾದರು, ಎರಡೂ ಮಂಡಿಗಳಲ್ಲಿ ನಾಟಿ ಮಾಡಿದ ಎಸಿಎಲ್ ಇಟ್ಟುಕೊಂಡು.